ಪ್ಲಟೀಯದ ಖಾಲಿ ಗೋರಿಗಳು: ಹೆರೊಡೋಟಸ್ ಮಾತನ್ನು ಎಷ್ಟು ನಂಬಬಹುದು?

ಕ್ರಿ.ಪೂ. 479ರಲ್ಲಿ ಪ್ಲಟೀಯ ಅನ್ನೋ ಚಿಕ್ಕ ಊರಿನ ಬಯಲಲ್ಲಿ ಗ್ರೀಕರು ಪರ್ಷಿಯಾದ ಸೈನ್ಯವನ್ನು ಸೋಲಿಸಿದರು. ಕಾದಾಟ ಮುಗಿದ ಮೇಲೆ ಸತ್ತವರನ್ನು ಊರುವಾರು ಬೇರೆ ಬೇರೆಯಾಗಿ ಹೂತು, ಮೇಲೆ ಮಣ್ಣಿನ ದಿಬ್ಬ ಎಬ್ಬಿಸಿದರು. ಯಾವ ಗೋರಿ ಯಾರದು ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಎಣಿಸಿಕೊಂಡು ಹೋಗುತ್ತಾನೆ. ಸ್ಪಾರ್ಟಾದವರದು ಮೂರು. ಟೆಜಿಯಾದವರದು ಒಂದು. ಅಥೆನ್ಸಿನವರದು ಒಂದು. ಮೆಗಾರಾ ಮತ್ತು ಫ್ಲಿಯುಸ್ ಊರಿನವರಿಗೆ ಸೇರಿ ಒಂದು. ಇವೆಲ್ಲ ತುಂಬಿದ ಗೋರಿಗಳು ಅನ್ನುತ್ತಾನೆ.

ಆಮೇಲೆ ಬರುತ್ತದೆ ಕುಟುಕು ಮಾತು. ಅಲ್ಲಿ ಕಾಣುವ ಉಳಿದ ದಿಬ್ಬಗಳ ಒಳಗೆ ಏನೂ ಇಲ್ಲವಂತೆ. ಯುದ್ಧಕ್ಕೆ ಬಾರದ ಊರಿನವರು ನಾಚಿಕೆಪಟ್ಟು, ಮುಂದಿನ ಕಾಲದ ಜನ ನೋಡಲಿ ಅಂತ ಸುಮ್ನೆ ಮಣ್ಣು ರಾಶಿ ಹಾಕಿಸಿದರಂತೆ. ಏಜಿನಾ ದ್ವೀಪದವರ ಹೆಸರಿನ ಗೋರಿಯಂತೂ ಯುದ್ಧ ಮುಗಿದು 10 ವರ್ಷ ಆದಮೇಲೆ ಎದ್ದದ್ದು. ಅವರು ಕೇಳಿಕೊಂಡಿದ್ದಕ್ಕೆ ಪ್ಲಟೀಯದ ಕ್ಲಿಯಾಡೀಸ್ ಅನ್ನುವವನು ಅದನ್ನು ಮಾಡಿಸಿದನಂತೆ.

ನಾಲ್ಕೈದು ಸಾಲಿನ ಮಾತು, ಅಷ್ಟೇ. ಆದರೆ ಹಳೆಯ ಗ್ರೀಕರು ಇತಿಹಾಸವನ್ನು ಹೇಗೆ ಬರೆದರು, ಯಾವ ಸಾಕ್ಷಿಯನ್ನು ನೆಚ್ಚಿದರು, ಎಲ್ಲಿ ಎಡವಿದರು ಅನ್ನೋದನ್ನು ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮೊದಲು ಹೆರೊಡೋಟಸ್‌ನ ಕೆಲಸದ ರೀತಿ ನೋಡೋಣ. ಅವನು ಬರೆದದ್ದು ಪ್ಲಟೀಯ ಯುದ್ಧವಾಗಿ ಒಂದೆರಡು ತಲೆಮಾರು ಕಳೆದ ಮೇಲೆ. ಸರ್ಕಾರಿ ಕಡತ, ವರದಿ ಅಂತ ತೆರೆದು ನೋಡಲು ಜಾಸ್ತಿ ಏನೂ ಇರಲಿಲ್ಲ. ಕಣ್ಣಿಂದ ಕಂಡದ್ದು, ಜನರ ಬಾಯಿಂದ ಕೇಳಿದ್ದು, ತನ್ನ ಬುದ್ಧಿಗೆ ತೋಚಿದ್ದು, ಈ ಮೂರೇ ಬಂಡವಾಳ. ಇದನ್ನು ಅವನೇ ಒಂದು ಕಡೆ ಹೇಳಿಕೊಂಡಿದ್ದಾನೆ. ಇನ್ನೊಂದು ಕಡೆ, ಜನ ಹೇಳಿದ್ದನ್ನು ದಾಖಲಿಸುವುದು ನನ್ನ ಕೆಲಸ, ಆದರೆ ಎಲ್ಲವನ್ನೂ ನಂಬಲೇಬೇಕು ಅಂತ ನನಗೇನೂ ಕಟ್ಟಳೆಯಿಲ್ಲ ಅಂತಲೂ ಅನ್ನುತ್ತಾನೆ.

ಹೀಗಾಗಿ ಕಲ್ಲು, ಕಂಬ, ಗೋರಿ, ದೇವಸ್ಥಾನದ ಕಾಣಿಕೆ ಎಲ್ಲವೂ ಅವನಿಗೆ ಬೇಕು. ಪ್ಲಟೀಯಕ್ಕೆ ಹಿಂದಿನ ವರ್ಷ ಥರ್ಮೋಪಿಲೆಯಲ್ಲಿ ಪರ್ಷಿಯನ್ನರನ್ನು ತಡೆಯಲು ಹೋಗಿ ಮಡಿದ ಸ್ಪಾರ್ಟಾದ 300 ಜನರ ಹೆಸರನ್ನೂ ತಿಳಿದುಕೊಂಡಿದ್ದೇನೆ ಅಂತ ಹೇಳಿಕೊಳ್ಳುವ ಮನುಷ್ಯ ಅವನು. ಆದರೆ ಬರೆದದ್ದೆಲ್ಲ ನಿಜ ಅಂತ ನಂಬುವವನಲ್ಲ. ಗ್ರೀಕರ ಪುಣ್ಯಕ್ಷೇತ್ರ ಡೆಲ್ಫಿಯಲ್ಲಿ ಒಂದು ಚಿನ್ನದ ಪಾತ್ರೆ ಇತ್ತು, ಪವಿತ್ರ ನೀರು ಚಿಮುಕಿಸಲು ಬಳಸುವಂಥದ್ದು. ಅದರ ಮೇಲೆ ಸ್ಪಾರ್ಟಾದವರ ಹೆಸರು ಕೆತ್ತಿತ್ತು. ಇದು ಸುಳ್ಳು, ಕೊಟ್ಟವನು ಲಿಡಿಯಾದ ರಾಜ ಕ್ರೀಸಸ್, ಸ್ಪಾರ್ಟಾದವರನ್ನು ಮೆಚ್ಚಿಸಲು ಡೆಲ್ಫಿಯವನೊಬ್ಬ ಹೀಗೆ ಕೆತ್ತಿದ್ದಾನೆ ಅಂತ ಹೆರೊಡೋಟಸ್ ಬರೆಯುತ್ತಾನೆ. ಅವನ ಹೆಸರು ಗೊತ್ತು, ಆದರೆ ಹೇಳಲ್ಲ ಅಂತ ಬೇರೆ! ಪ್ಲಟೀಯದ ದಿಬ್ಬಗಳ ವಿಷಯದಲ್ಲೂ ಇದೇ ಬುದ್ಧಿ ಕೆಲಸ ಮಾಡಿದೆ. ಸ್ಮಾರಕ ಒಂದು ಹೇಳುತ್ತದೆ, ಅವನು ಕೇಳಿದ್ದು ಇನ್ನೊಂದು.

ಖಾಲಿ ಗೋರಿ ಅಂದರೆ ಅವಮಾನವೇ?

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಒಳಗೆ ಹೆಣವಿಲ್ಲದ ಗೋರಿ ಕಟ್ಟುವುದು ಗ್ರೀಕರಲ್ಲಿ ತಪ್ಪಾಗಿರಲಿಲ್ಲ. ಅದು ಮಾಮೂಲಿ ಪದ್ಧತಿ, ಪುಣ್ಯದ ಕೆಲಸ. ಸಮುದ್ರದ ಮೇಲೆ ಬದುಕುವ ಜನ ಅವರು. ಹಡಗು ಮುಳುಗಿದರೆ ಹೆಣ ಸಿಗುವುದಿಲ್ಲ. ದೂರದ ಯುದ್ಧದಲ್ಲಿ ಸತ್ತವನ ಅಸ್ಥಿಯೂ ಮನೆಗೆ ಬಾರದೆ ಹೋಗಬಹುದು. ಆದರೆ ಉತ್ತರಕ್ರಿಯೆ ಇಲ್ಲದೆ ಹೋದ ಸತ್ತವನಿಗೆ ನೆಮ್ಮದಿಯಿಲ್ಲ ಅನ್ನೋ ನಂಬಿಕೆ ಮಾತ್ರ ಗಟ್ಟಿ. ಹೋಮರನ ಕಾವ್ಯದಲ್ಲೇ ಇದು ಬರುತ್ತದೆ. ನಿನ್ನ ಅಪ್ಪ ಸತ್ತ ಅಂತ ಗೊತ್ತಾದರೆ ಊರಿಗೆ ವಾಪಸ್ ಬಂದು ಅವನ ಹೆಸರಿನಲ್ಲಿ ದಿಬ್ಬ ಎಬ್ಬಿಸಿ ಕ್ರಿಯೆ ಮಾಡು ಅಂತ ಅಥೀನಾ ದೇವಿ ಒಡಿಸ್ಯೂಸ್‌ನ ಮಗನಿಗೆ ಹೇಳುತ್ತಾಳೆ. ಹೆಣ ಎಲ್ಲಿದೆ ಅನ್ನೋ ಮಾತೇ ಇಲ್ಲ.

ಇದರ ನಿಜವಾದ ಒಂದು ಉದಾಹರಣೆ ಇವತ್ತಿಗೂ ಕಾರ್ಫು ದ್ವೀಪದಲ್ಲಿ ನಿಂತಿದೆ. ಅದು ಮೆನೆಕ್ರಟೀಸ್ ಅನ್ನುವವನ ಸಮಾಧಿ, ಸುಮಾರು ಕ್ರಿ.ಪೂ. 600ರದು. 1843ರಲ್ಲಿ ಹಳೆಯ ಕೋಟೆಯನ್ನು ಕೆಡವುವಾಗ ಸಿಕ್ಕಿತು. ದುಂಡಗಿನ ಕಲ್ಲಿನ ಕಟ್ಟಡ. ಅದರ ಸುತ್ತ ಒಂದೇ ಸಾಲಿನಲ್ಲಿ, ಬಲದಿಂದ ಎಡಕ್ಕೆ, ಪದ್ಯವೊಂದನ್ನು ಕೆತ್ತಿದ್ದಾರೆ. ಓದಬೇಕಾದರೆ ಕಟ್ಟಡವನ್ನು ಸುತ್ತು ಹಾಕಬೇಕು. ಪದ್ಯ ಹೇಳುವುದು ಇಷ್ಟು: ಇದು ಟ್ಲಾಸಿಯಾಸ್‌ನ ಮಗ ಮೆನೆಕ್ರಟೀಸ್‌ನ ಸಮಾಧಿ. ಅವನು ಓಯಾಂಥಿಯಾ ಊರಿನವನು. ಇಲ್ಲಿಯ ಜನಕ್ಕೆ ಬೇಕಾದವನು. ಸಮುದ್ರದಲ್ಲಿ ಹೋಗಿಬಿಟ್ಟ. ಅವನ ತಮ್ಮನೋ ಅಣ್ಣನೋ ಆದ ಪ್ರಾಕ್ಸಿಮೆನೀಸ್ ತನ್ನ ಊರಿಂದ ಬಂದು, ಇಲ್ಲಿಯ ಜನರ ಜೊತೆ ಸೇರಿ ಇದನ್ನು ಕಟ್ಟಿಸಿದ.

ಮೆನೆಕ್ರಟೀಸ್‌ಗೆ ಒಂದು ಹುದ್ದೆ ಇತ್ತು, ಪ್ರಾಕ್ಸೆನೋಸ್ ಅಂತ. ಇನ್ನೊಂದು ಊರಿನವರ ಕೆಲಸಕಾರ್ಯಗಳನ್ನು ತನ್ನ ಊರಿನಲ್ಲಿ ನೋಡಿಕೊಳ್ಳುವವನು, ಅವರು ಬಂದರೆ ಇಳಿಸಿಕೊಳ್ಳುವವನು, ಅವರ ಪರವಾಗಿ ನಾಲ್ಕು ಮಾತಾಡುವವನು. ಈ ಹುದ್ದೆಯನ್ನು ನೆನಪಿಟ್ಟುಕೊಳ್ಳಿ. ಪ್ಲಟೀಯದ ಕ್ಲಿಯಾಡೀಸ್‌ಗೆ ಮತ್ತೆ ಬರುವಾಗ ಬೇಕಾಗುತ್ತದೆ.

ಅಥೆನ್ಸಿನಲ್ಲಂತೂ ಖಾಲಿ ಚಟ್ಟ ಸರ್ಕಾರಿ ವಿಧಿಯ ಭಾಗವೇ ಆಗಿತ್ತು. ಹೆರೊಡೋಟಸ್‌ನ ನಂತರದ ಇತಿಹಾಸಕಾರ ಥುಸಿಡಿಡೀಸ್ ಅದನ್ನು ಬಿಡಿಬಿಡಿಯಾಗಿ ವಿವರಿಸುತ್ತಾನೆ. ಯುದ್ಧದಲ್ಲಿ ಸತ್ತವರ ಅಸ್ಥಿಯನ್ನು ಊರಿಗೆ ತಂದು ಒಂದು ಡೇರೆಯಲ್ಲಿ ಇಡುತ್ತಾರೆ. ಜನ ಬಂದು ತಮ್ಮವರಿಗೆ ಏನು ಬೇಕೋ ಅದನ್ನು ಅರ್ಪಿಸುತ್ತಾರೆ. ಮೆರವಣಿಗೆಯ ದಿನ ಸೈಪ್ರೆಸ್ ಮರದ ಪೆಟ್ಟಿಗೆಗಳು ಬಂಡಿಯಲ್ಲಿ ಸಾಗುತ್ತವೆ, ಅಥೆನ್ಸಿನ 10 ಕುಲಗಳಿಗೆ ಒಂದೊಂದು. ಅವುಗಳ ಜೊತೆ, ಬಟ್ಟೆ ಹಾಸಿ ಸಿದ್ಧ ಮಾಡಿದ ಒಂದು ಖಾಲಿ ಚಟ್ಟವೂ ಹೋಗುತ್ತದೆ. ಅದು ಹುಡುಕಿದರೂ ಸಿಗದವರಿಗೆ. ಕ್ರಿ.ಪೂ. 431ರ ಚಳಿಗಾಲದಲ್ಲಿ ಅಥೆನ್ಸಿನ ಮುಂದಾಳು ಪೆರಿಕ್ಲೀಸ್ ಮಾಡಿದ ಪ್ರಸಿದ್ಧ ಭಾಷಣ ಇಂಥದ್ದೇ ಸಂದರ್ಭದ್ದು. ಹೆಸರಾಂತ ಜನರಿಗೆ ಇಡೀ ಭೂಮಿಯೇ ಸಮಾಧಿ ಅನ್ನೋ ಮಾತು ಅದರಲ್ಲಿದೆ. ಹೆಣ ಸಿಗದ ಮನೆಯವರು ಎದುರಿಗೆ ನಿಂತಿರುವಾಗ ಆ ಮಾತಿಗೆ ತೂಕ ಜಾಸ್ತಿ, ಅಲ್ವಾ?

ಇನ್ನೊಬ್ಬ ಇತಿಹಾಸಕಾರ ಝೆನೊಫನ್ ಇನ್ನೂ ನೇರ. ಕ್ರಿ.ಪೂ. 400ರಲ್ಲಿ ಅವನು ಕೂಲಿ ಸೈನಿಕರ ದೊಡ್ಡ ಪಡೆಯೊಂದರ ಜೊತೆ ಪರ್ಷಿಯಾದಿಂದ ವಾಪಸ್ ಬರುತ್ತಿದ್ದ. ಕಪ್ಪು ಸಮುದ್ರದ ದಂಡೆಯ ಕಾಲ್ಪೆ ಎಂಬಲ್ಲಿ ಸತ್ತ ಆರ್ಕೇಡಿಯಾದ ಸೈನಿಕರನ್ನು ಹೂಳಲು ಹೊರಟರು. ಆಗಲೇ ಐದು ದಿನ ಆಗಿತ್ತು. ಹೆಣ ಎತ್ತಲೂ ಆಗದ ಸ್ಥಿತಿ. ಬಿದ್ದ ಬಿದ್ದಲ್ಲೇ ಹೂತರು. ಸಿಗದವರಿಗೆ ಒಂದು ದೊಡ್ಡ ಖಾಲಿ ಗೋರಿ ಮಾಡಿ ಅದರ ಮೇಲೆ ಹೂಮಾಲೆ ಇಟ್ಟರು. ಅವನು ಇದನ್ನು ಬರೆಯುವುದು ಅಡುಗೆ ಮಾಡಿದರು, ಊಟ ಮಾಡಿದರು ಅನ್ನೋಷ್ಟೇ ಸಹಜವಾಗಿ.

ಇದನ್ನು ಮಾಡದೆ ಬಿಟ್ಟರೆ ಏನಾಗುತ್ತಿತ್ತು ಅನ್ನೋದಕ್ಕೂ ಸಾಕ್ಷಿ ಇದೆ. ಕ್ರಿ.ಪೂ. 406ರಲ್ಲಿ ಆರ್ಜಿನುಸೆ ದ್ವೀಪಗಳ ಹತ್ತಿರ ಅಥೆನ್ಸ್ ದೊಡ್ಡ ಸಮುದ್ರ ಯುದ್ಧ ಗೆದ್ದಿತು. ಆದರೆ 25 ಹಡಗು ಹೋದವು. ಬಿರುಗಾಳಿ ಎದ್ದು, ನೀರಿಗೆ ಬಿದ್ದವರನ್ನು ಎತ್ತಲು ಆಗಲಿಲ್ಲ. ಗೆದ್ದು ಬಂದ ದಂಡನಾಯಕರ ಮೇಲೇ ಊರಿನವರು ಎರಗಿದರು. ಆರು ಜನಕ್ಕೆ ಮರಣದಂಡನೆ ಆಯಿತು. ಎಲ್ಲರನ್ನೂ ಒಟ್ಟಿಗೇ ವಿಚಾರಿಸುವುದು ಕಾನೂನಲ್ಲ ಅಂತ ಅಡ್ಡ ನಿಂತವನು ಸಾಕ್ರಟೀಸ್. ಇಲ್ಲಿ ಇಬ್ಬರು ಇತಿಹಾಸಕಾರರು ಎರಡು ರೀತಿ ಬರೆದಿದ್ದಾರೆ. ಝೆನೊಫನ್ ಒತ್ತು ಕೊಡುವುದು ಮುರಿದ ಹಡಗಿನ ಮೇಲೆ ಇನ್ನೂ ಜೀವ ಹಿಡಿದಿದ್ದ ಜನರನ್ನು ಉಳಿಸಲಿಲ್ಲ ಅನ್ನೋದಕ್ಕೆ. ಮುನ್ನೂರಕ್ಕೂ ಜಾಸ್ತಿ ವರ್ಷ ಆದಮೇಲೆ ಬರೆದ ಡಯೊಡೋರಸ್, ಹೆಣಗಳನ್ನು ಎತ್ತಿ ಮಣ್ಣು ಮಾಡಲಿಲ್ಲ ಅನ್ನೋದೇ ಜನರ ಸಿಟ್ಟಿಗೆ ಕಾರಣ ಅನ್ನುತ್ತಾನೆ. ಒಂದೇ ಘಟನೆ. ಸತ್ತವರೋ ಬದುಕಿದ್ದವರೋ ಅನ್ನೋದರಲ್ಲೇ ಒಮ್ಮತ ಇಲ್ಲ.

ಹಾಗಾದರೆ ಪ್ಲಟೀಯದಲ್ಲಿ ಹೆರೊಡೋಟಸ್ ಹೊರಿಸುವ ಆಪಾದನೆ ಗೋರಿ ಖಾಲಿ ಅನ್ನೋದಲ್ಲ. ಹೆಣ ಸಿಗದೆ ಖಾಲಿ ಉಳಿದ ಗೋರಿ ಒಂದು, ಹೆಣವೇ ಬೀಳದೆ ಖಾಲಿ ಇರುವ ಗೋರಿ ಇನ್ನೊಂದು. ಹೊರಗಿನಿಂದ ಎರಡೂ ಒಂದೇ ಮಣ್ಣಿನ ದಿಬ್ಬ. ಯಾವುದು ಯಾವುದು ಅಂತ ದಿಬ್ಬ ಹೇಳುವುದಿಲ್ಲ. ಹೇಳಬೇಕಾದವನು ಇತಿಹಾಸಕಾರ. ಅವನಿಗಾದರೂ ಹೇಗೆ ಗೊತ್ತು?

ಮತ್ತೆ ಪ್ಲಟೀಯಕ್ಕೆ

ಹೆರೊಡೋಟಸ್ ಬರೆದ ಕ್ರಮವನ್ನೇ ನೋಡಿ, ಮಜಾ ಇದೆ. ಖಾಲಿ ಗೋರಿಗಳ ಪ್ರಸಂಗಕ್ಕೆ ಸರಿಯಾಗಿ ಮುಂಚೆ ಅವನು ಪರ್ಷಿಯಾದ ಸೇನಾಪತಿ ಮಾರ್ಡೋನಿಯಸ್‌ನ ಹೆಣದ ಕಥೆ ಹೇಳುತ್ತಾನೆ. ಯುದ್ಧದ ಮರುದಿನ ಆ ಹೆಣ ಮಾಯ. ಯಾರು ಹೂತರೋ ಖಚಿತವಿಲ್ಲ. ಆದರೆ ನಾವೇ ಹೂತಿದ್ದು ಅಂತ ಹೇಳಿಕೊಂಡವರು ಬಹಳ ಜನ, ಅದಕ್ಕಾಗಿ ಮಾರ್ಡೋನಿಯಸ್‌ನ ಮಗನಿಂದ ದೊಡ್ಡ ಇನಾಮು ಹೊಡೆದವರೂ ಬಹಳ ಜನ. ಅಂದರೆ ಮೊದಲು ಗೋರಿ ಗೊತ್ತಿಲ್ಲದ ಹೆಣ, ಅದರ ಬೆನ್ನಿಗೇ ಹೆಣವಿಲ್ಲದ ಗೋರಿ. ಎರಡು ಕಡೆಯೂ ಸುಳ್ಳು ಹೇಳಿ ಲಾಭ ಮಾಡಿಕೊಂಡವರೇ. ಇದು ಕಾಕತಾಳೀಯ ಅಂತ ನನಗನ್ನಿಸುವುದಿಲ್ಲ. ಸತ್ತವರ ಹೆಸರಿನಲ್ಲಿ ಬದುಕಿರುವವರು ಏನೆಲ್ಲ ಮಾಡುತ್ತಾರೆ ಅಂತ ಅವನು ಬೇಕೆಂದೇ ಜೋಡಿಸಿಟ್ಟಿದ್ದಾನೆ.

ತುಂಬಿದ ಗೋರಿಗಳ ಬಗ್ಗೆ ಅವನಿಗೆ ಒಳ್ಳೆಯ ಮಾಹಿತಿ ಇತ್ತು. ಸ್ಪಾರ್ಟಾದವರ ಮೂರರಲ್ಲಿ ಒಂದು ಅವರ ಗುಲಾಮರಾದ ಹೆಲಟ್‌ಗಳದು, ಒಂದು ಸ್ಪಾರ್ಟಾದ ಉಳಿದ ಯೋಧರದು. ಇನ್ನೊಂದು ಪೂಜಾರಿಗಳದು ಅಂತ ಹಸ್ತಪ್ರತಿಗಳಲ್ಲಿದೆ. ಅದನ್ನು ಎಳೆ ಪ್ರಾಯದ ಯೋಧರು ಅಂತ ತಿದ್ದಿ ಓದುವವರೂ ಇದ್ದಾರೆ. ಸತ್ತವರ ಲೆಕ್ಕವನ್ನೂ ಕೊಡುತ್ತಾನೆ. ಸ್ಪಾರ್ಟಾದವರು 91, ಟೆಜಿಯಾದವರು 16, ಅಥೆನ್ಸಿನವರು 52. ಮೆಗಾರಾ ಮತ್ತು ಫ್ಲಿಯುಸ್‌ನವರು ಗೆಲುವಿನ ಸುದ್ದಿ ಕೇಳಿ ಶಿಸ್ತಿಲ್ಲದೆ ಬಯಲಿಗೆ ಓಡಿ ಬಂದಾಗ ಥೀಬ್ಸ್‌ನ ಕುದುರೆ ಸವಾರರ ಕೈಗೆ ಸಿಕ್ಕು 600 ಜನ ಸತ್ತರು.

ಉಳಿದವರೆಲ್ಲ ಎಲ್ಲಿದ್ದರು? ಹಿಂದಿನ ರಾತ್ರಿಯೇ ಜಾಗ ಬಿಟ್ಟು ಊರ ಮುಂದಿನ ಹೀರಾ ದೇವಿಯ ಗುಡಿಯ ಹತ್ತಿರ ಹೋಗಿ ಇಳಿದಿದ್ದರು, ಯುದ್ಧದ ಬಿಸಿ ಅವರಿಗೆ ತಟ್ಟಲೇ ಇಲ್ಲ ಅನ್ನೋದು ಹೆರೊಡೋಟಸ್‌ನ ಕಥೆ. ತಡವಾಗಿ ಬಂದವರ ನಾಚಿಕೆಯೂ ಅವನ ಕಲ್ಪನೆಯಲ್ಲ. ಮಾಂಟಿನಿಯಾ ಮತ್ತು ಎಲಿಸ್ ಊರಿನವರು ಎಲ್ಲ ಮುಗಿದ ಮೇಲೆ ಬಂದು, ಕೈ ಕೈ ಹಿಸುಕಿಕೊಂಡು, ವಾಪಸ್ ಹೋಗಿ ತಮ್ಮ ದಳಪತಿಗಳನ್ನೇ ಊರಿಂದ ಓಡಿಸಿದರಂತೆ.

ಆದರೆ ಏಜಿನಾದವರ ವಿಷಯದಲ್ಲಿ ಒಂದು ತೊಡಕಿದೆ. ಯುದ್ಧಕ್ಕೆ ಮುಂಚೆ ಯಾವ ಊರಿನವರು ಎಲ್ಲಿ ನಿಂತಿದ್ದರು ಅಂತ ಸಾಲು ಸಾಲಾಗಿ ಹೇಳುವಾಗ, ಏಜಿನಾದ 500 ಜನ ಇದ್ದರು ಅಂತ ಬರೆದವನೂ ಹೆರೊಡೋಟಸ್ಸೇ! ಯುದ್ಧಕ್ಕೆ ಬಾರದವರ ಗೋರಿ ಅಂತ ಹೇಳಿ, ಅದಕ್ಕೆ ಉದಾಹರಣೆಯಾಗಿ ಬಂದು ಸಾಲಿನಲ್ಲಿ ನಿಂತವರನ್ನೇ ತೋರಿಸುತ್ತಾನೆ. ಬಂದಿದ್ದರು, ಆದರೆ ಕಾದಾಟದ ಹೊತ್ತಿಗೆ ಇರಲಿಲ್ಲ ಅಂತ ಸಮಜಾಯಿಷಿ ಕೊಡಬಹುದು. ಕೊಟ್ಟರೂ ಮಾತು ಪೂರ್ತಿ ಕೂಡುವುದಿಲ್ಲ.

ಇದನ್ನು ಕೆದಕಿದವನು ಪ್ಲುಟಾರ್ಕ್ ಅನ್ನೋ ಲೇಖಕ. ಅವನು ಪ್ಲಟೀಯ ಇರುವ ಬಿಯೋಷಿಯಾ ಸೀಮೆಯವನೇ, ಕೈರೋನಿಯಾ ಊರಿನವನು. ಬರೆದದ್ದು ಯುದ್ಧವಾಗಿ ಸುಮಾರು 550–600 ವರ್ಷ ಆದಮೇಲೆ. ಹೆರೊಡೋಟಸ್‌ಗೆ ಎಷ್ಟು ಕೆಟ್ಟ ಮನಸ್ಸು ಅಂತ ತೋರಿಸಲೆಂದೇ ಒಂದು ಇಡೀ ಪ್ರಬಂಧ ಬರೆದಿದ್ದಾನೆ. ಅವನ ವಾದ ಹೀಗೆ: ಶೌರ್ಯದ ಪಾರಿತೋಷಕ ಯಾರಿಗೆ ಅನ್ನೋ ವಿಷಯಕ್ಕೆ ಸ್ಪಾರ್ಟಾ ಮತ್ತು ಅಥೆನ್ಸ್ ತಮ್ಮತಮ್ಮಲ್ಲೇ ಕಿತ್ತಾಡಿದ್ದವು. ಅಂಥವರು, ಬಾರದೆ ಉಳಿದ ಊರುಗಳ ಹೆಸರನ್ನು ವಿಜಯ ಸ್ಮಾರಕಗಳ ಮೇಲೆ ಕೆತ್ತಲು ಬಿಡುತ್ತಿದ್ದರೇ? ಕೊರಿಂತ್‌ನವರ ಕಾದಾಟವನ್ನು ಸಿಮೊನಿಡೀಸ್ ಕವಿ ಹೊಗಳಿ ಹಾಡಿದ್ದೂ ಇದೆಯಲ್ಲ? ಒಟ್ಟು 1,360 ಗ್ರೀಕರು ಸತ್ತರು ಅಂತ ಪ್ಲುಟಾರ್ಕ್ ಇನ್ನೊಂದು ಕಡೆ ಲೆಕ್ಕ ಕೊಡುತ್ತಾನೆ. ಹಾಗಾದರೆ ಸ್ಪಾರ್ಟಾ, ಟೆಜಿಯಾ, ಅಥೆನ್ಸ್ ಈ ಮೂರೇ ಊರಿನವರು ಹೋರಾಡಿದ್ದು ಅನ್ನೋ ಹೆರೊಡೋಟಸ್‌ನ ಮಾತು ಎಲ್ಲಿಗೆ ಬಂತು?

ಒಳ್ಳೆಯ ವಾದವೇ. ಆದರೆ ಪ್ಲುಟಾರ್ಕ್‌ನನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಬಿಯೋಷಿಯಾದ ದೊಡ್ಡ ಊರು ಥೀಬ್ಸ್ ಈ ಯುದ್ಧದಲ್ಲಿ ಪರ್ಷಿಯಾದ ಪರ ನಿಂತಿತ್ತು. ಹೆರೊಡೋಟಸ್ ಅದನ್ನು ಮುಚ್ಚುಮರೆ ಇಲ್ಲದೆ ಬರೆದ. ಬಿಯೋಷಿಯಾದವನಾದ ಪ್ಲುಟಾರ್ಕ್‌ಗೆ ಆ ಉರಿ ಇತ್ತು. ನಮ್ಮ ಹಿರಿಯರ ಮರ್ಯಾದೆ ಕಾಪಾಡಲು ಬರೆಯುತ್ತಿದ್ದೇನೆ ಅಂತ ಅವನೇ ಒಪ್ಪಿಕೊಂಡಿದ್ದಾನೆ.

ಇಬ್ಬರ ಜಗಳದಲ್ಲಿ ಮೂರನೆಯ ಸಾಕ್ಷಿ ಒಂದಿದೆ. ಅದು ಲೋಹದ್ದು. ಗೆಲುವಿನ ಕಾಣಿಕೆಯಾಗಿ ಗ್ರೀಕರು ಡೆಲ್ಫಿಯಲ್ಲಿ ಒಂದು ಕಂಚಿನ ಕಂಬ ನಿಲ್ಲಿಸಿದರು. ಮೂರು ಹಾವು ಹೆಣೆದುಕೊಂಡು ಮೇಲೆದ್ದ ಹಾಗಿನ ಕಂಬ, ಅದಕ್ಕೆ ಸೇರಿದಂತೆ ಚಿನ್ನದ ಮುಕ್ಕಾಲಿ. ಚಿನ್ನವನ್ನು ಮುಂದೆ ಫೋಕಿಸ್‌ನವರು ಯುದ್ಧದ ಖರ್ಚಿಗೆ ಹೊಡೆದುಕೊಂಡರು. ಕಂಬವನ್ನು ಕಾನ್‌ಸ್ಟಂಟೈನ್ ಚಕ್ರವರ್ತಿ ತನ್ನ ಹೊಸ ರಾಜಧಾನಿಗೆ ಸಾಗಿಸಿದ. ಹಾವಿನ ತಲೆಗಳು ಹೋಗಿವೆ. ಮೈ ಮಾತ್ರ ಇವತ್ತಿಗೂ ಇಸ್ತಾಂಬುಲ್‌ನ ಹಳೆಯ ಕುದುರೆ ಪಂದ್ಯದ ಮೈದಾನದಲ್ಲಿ ನಿಂತಿದೆ. ಸುರುಳಿಗಳ ಮೇಲೆ 31 ಊರುಗಳ ಹೆಸರು ಕೆತ್ತಿದ್ದಾರೆ. ಆರಂಭದ ಸಾಲುಗಳಲ್ಲೇ ಏಜಿನಾ ಇದೆ.

ಈ ಕಂಬಕ್ಕೂ ಒಂದು ಕಥೆಯಿದೆ. ಸ್ಪಾರ್ಟಾದ ದಂಡನಾಯಕ ಪೌಸಾನಿಯಸ್ ಮೊದಲು ಆ ಕಾಣಿಕೆಯ ಮೇಲೆ, ಗೆದ್ದವನು ನಾನು ಅಂತ ತನ್ನೊಬ್ಬನ ಹೆಸರನ್ನೇ ಕೆತ್ತಿಸಿದ್ದ. ಸ್ಪಾರ್ಟಾದವರು ಅದನ್ನು ಅಳಿಸಿ ಊರುಗಳ ಹೆಸರು ಹಾಕಿಸಿದರು ಅಂತ ಥುಸಿಡಿಡೀಸ್ ಹೇಳುತ್ತಾನೆ.

ಕಂಬದಲ್ಲಿ ಹೆಸರಿದೆ ಅಂದಮೇಲೆ ಏಜಿನಾ ಗೆದ್ದಂತೆ ಅಲ್ವಾ? ಅಷ್ಟು ಸುಲಭ ಇಲ್ಲ. ಅದು ಪ್ಲಟೀಯದ ಒಂದೇ ಕಾದಾಟದ ಪಟ್ಟಿಯಲ್ಲ, ಇಡೀ ಯುದ್ಧದ ಪಟ್ಟಿ. ಹಿಂದಿನ ವರ್ಷ ಸಲಾಮಿಸ್‌ನ ಸಮುದ್ರ ಯುದ್ಧದಲ್ಲಿ ಏಜಿನಾದವರು ಎಲ್ಲರಿಗಿಂತ ಚೆನ್ನಾಗಿ ಹೋರಾಡಿ ಹೆಸರು ಮಾಡಿದ್ದರು. ಹಾಗೆ ಹೇಳಿದವನೂ ಹೆರೊಡೋಟಸ್ಸೇ. ಅಲ್ಲದೆ ಪ್ಲಟೀಯಕ್ಕೆ ತಡವಾಗಿ ಬಂದ ಎಲಿಸ್‌ನವರ ಹೆಸರೂ ಕಂಬದಲ್ಲಿದೆ. ಜೊತೆಗೇ ತಡವಾದ ಮಾಂಟಿನಿಯಾದ ಹೆಸರು ಇಲ್ಲ. ಇದರ ಹಿಂದೆ ಯಾರ ವಶೀಲಿ ಕೆಲಸ ಮಾಡಿತೋ! ಕೆತ್ತಿದ ಹೆಸರು ಅಂದರೆ ಹಾಜರಿ ಪುಸ್ತಕವಲ್ಲ ಅನ್ನೋದು ಇಷ್ಟರಿಂದಲೇ ಗೊತ್ತಾಗುತ್ತದೆ.

ಕ್ರಿ.ಶ. ಎರಡನೆಯ ಶತಮಾನದಲ್ಲಿ ಇನ್ನೊಬ್ಬ ಪೌಸಾನಿಯಸ್ ಪ್ಲಟೀಯಕ್ಕೆ ಬಂದ. ಇವನು ದಂಡನಾಯಕನಲ್ಲ, ಊರೂರು ಸುತ್ತಿ ಕಂಡದ್ದನ್ನು ಬರೆದಿಟ್ಟ ಪ್ರವಾಸಿ. ಊರ ಬಾಗಿಲಿನ ಹತ್ತಿರ ಅವನಿಗೆ ಕಂಡದ್ದು ಸ್ಪಾರ್ಟಾದವರ ಗೋರಿ, ಅಥೆನ್ಸಿನವರ ಗೋರಿ, ಉಳಿದ ಗ್ರೀಕರಿಗೆಲ್ಲ ಸೇರಿ ಒಂದು ಗೋರಿ. ಖಾಲಿ ಗೋರಿಯ ಸುದ್ದಿಯೇ ಇಲ್ಲ. ಅದರ ಬದಲು, ಹೆರೊಡೋಟಸ್‌ಗೆ ಸಿಗದಿದ್ದ ಮಾರ್ಡೋನಿಯಸ್‌ನ ಗೋರಿಯನ್ನು ಜನ ದಾರಿಯ ಪಕ್ಕದಲ್ಲೇ ಅವನಿಗೆ ತೋರಿಸಿದರು! ಆರುನೂರು ವರ್ಷದಲ್ಲಿ ಇದ್ದದ್ದು ಹೋಗುತ್ತದೆ, ಇಲ್ಲದ್ದು ಬರುತ್ತದೆ.

ಏಜಿನಾ ಮೇಲೇ ಯಾಕೆ?

ಹೆರೊಡೋಟಸ್‌ನ ಕೊನೆಯ ಭಾಗವನ್ನು ಓದುತ್ತಾ ಹೋದರೆ ಏಜಿನಾದವರು ಮೇಲಿಂದ ಮೇಲೆ ಪೆಟ್ಟು ತಿನ್ನುತ್ತಾರೆ. ಮೊದಲು ಲ್ಯಾಂಪೋನ್ ಅನ್ನುವ ಏಜಿನಾದ ದೊಡ್ಡ ಮನುಷ್ಯ ದಂಡನಾಯಕ ಪೌಸಾನಿಯಸ್ ಹತ್ತಿರ ಬಂದು, ಮಾರ್ಡೋನಿಯಸ್‌ನ ಹೆಣವನ್ನು ಶೂಲಕ್ಕೆ ಏರಿಸು ಅನ್ನುತ್ತಾನೆ. ಇದು ಅನಾಗರಿಕರು ಮಾಡುವ ಕೆಲಸ, ಜೀವ ಸಹಿತ ಹೋಗುತ್ತಿದ್ದೀಯಲ್ಲ ಅದಕ್ಕೆ ಸಂತೋಷ ಪಡು ಅಂತ ಬೈಸಿಕೊಂಡು ಹೋಗುತ್ತಾನೆ. ಅದರ ಹಿಂದೆಯೇ ಇನ್ನೊಂದು. ಹೆಲಟ್‌ಗಳು ಪರ್ಷಿಯನ್ನರ ಡೇರೆಗಳಿಂದ ಕದ್ದ ಚಿನ್ನವನ್ನು ಏಜಿನಾದವರು ಹಿತ್ತಾಳೆಯ ಬೆಲೆಗೆ ಕೊಂಡರು, ಅವರ ಸಿರಿತನ ಶುರುವಾದದ್ದೇ ಅಲ್ಲಿಂದ ಅನ್ನೋ ಕಥೆ. ಆಮೇಲೆ ಬರುತ್ತದೆ ಖಾಲಿ ಗೋರಿ. ಒಂದೇ ಯುದ್ಧಭೂಮಿ, ಕೆಲವೇ ಪುಟ, ಮೂರು ಕಥೆ. ಮೂರರಲ್ಲೂ ಏಜಿನಾದವರಿಗೆ ಹೆಣದ ಮರ್ಯಾದೆ ಗೊತ್ತಿಲ್ಲ, ದುಡ್ಡಿನ ಆಸೆ, ಮಾನವೂ ನಕಲಿ.

ಇಂಥ ಕಥೆ ಯಾರ ಬಾಯಲ್ಲಿ ಹುಟ್ಟುತ್ತದೆ? ಅಥೆನ್ಸಿನಲ್ಲಿ ಅಂತ ಊಹಿಸಲು ಕಷ್ಟವಿಲ್ಲ. ಎರಡೂ ಊರುಗಳು ಎದುರುಬದುರು, ಇಬ್ಬರಿಗೂ ಹಡಗಿನ ವ್ಯಾಪಾರ, ಹಳೆಯ ಹಗೆ. ಪರ್ಷಿಯಾ ಬಂತು ಅಂತ ಮಾತ್ರ ಒಂದಾಗಿದ್ದರು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಒಂದು ಕಲ್ಲು ಇದೆ. ಅಥೆನ್ಸಿನ ಎರೆಕ್ಥೀಸ್ ಕುಲದವರು ಯುದ್ಧದಲ್ಲಿ ಸತ್ತ ಪಟ್ಟಿ ಅದು, ಸುಮಾರು ಕ್ರಿ.ಪೂ. 460ರ ಆಸುಪಾಸಿನದು. ಸೈಪ್ರಸ್, ಈಜಿಪ್ಟ್, ಫಿನೀಷಿಯಾ, ಹಲಿಯೈ, ಏಜಿನಾ, ಮೆಗಾರಾ, ಒಂದೇ ವರ್ಷದಲ್ಲಿ ಇಷ್ಟು ಕಡೆ ಸತ್ತವರು. ಒಂದೇ ಕುಲದಿಂದ 170ಕ್ಕೂ ಹೆಚ್ಚು ಹೆಸರು. ಆ ಪಟ್ಟಿಯಲ್ಲಿ ಏಜಿನಾ ಇರುವುದು ಶತ್ರುವಾಗಿ. ಪ್ಲಟೀಯದಲ್ಲಿ ಒಟ್ಟಿಗೆ ನಿಂತು 20 ವರ್ಷವಾಗಿರಬೇಕು, ಅಷ್ಟೇ. ಮುಂದಿನ ಕೆಲವೇ ವರ್ಷದಲ್ಲಿ ಏಜಿನಾ ಸೋತು, ಕೋಟೆ ಕೆಡವಿ, ಹಡಗು ಒಪ್ಪಿಸಿ, ಅಥೆನ್ಸಿಗೆ ಕಪ್ಪ ಕಟ್ಟಲು ಒಪ್ಪಿತು. ಪ್ಲಟೀಯ ಮೊದಲಿಂದಲೂ ಅಥೆನ್ಸಿನ ಬಾಲ ಹಿಡಿದ ಊರು. ಆ ಎರಡು ಊರುಗಳಲ್ಲಿ ಏಜಿನಾದವರ ಗೋರಿ ಯಾವುದು ಅಂತ ಕೇಳಿದರೆ ಯಾವ ಉತ್ತರ ಬರುತ್ತದೆ?

ಗೋರಿ ಇದ್ದರೆ ಲಾಭ ಇತ್ತು ಅನ್ನೋದು ಮಾತ್ರ ನಿಜ. ಪ್ಲಟೀಯದವರು ವರ್ಷವರ್ಷವೂ ಆ ಗೋರಿಗಳಿಗೆ ಬಟ್ಟೆ, ಬೆಳೆಯ ಮೊದಲ ಪಾಲು ಅರ್ಪಿಸುತ್ತಿದ್ದರು. ಪ್ಲುಟಾರ್ಕ್ ಕಾಲದಲ್ಲೂ ಆ ಕ್ರಿಯೆ ನಡೆಯುತ್ತಿತ್ತು. ಬೇರೆ ದಿನ ಕಬ್ಬಿಣ ಮುಟ್ಟದ, ಬಿಳಿ ಬಟ್ಟೆ ಬಿಟ್ಟು ಬೇರೆ ಉಡದ ಊರಿನ ಮುಖ್ಯಸ್ಥ ಅವತ್ತು ಕೆಂಪು ನಿಲುವಂಗಿ ತೊಟ್ಟು, ಕೈಯಲ್ಲಿ ಕತ್ತಿ ಹಿಡಿದು ಬರುತ್ತಾನೆ. ಗೋರಿಯ ಕಲ್ಲುಗಳನ್ನು ತಾನೇ ತೊಳೆದು ಸುಗಂಧ ಹಚ್ಚುತ್ತಾನೆ. ಕರಿಯ ಹೋರಿ ಕಡಿದು, ಗ್ರೀಕರ ಬಿಡುಗಡೆಗಾಗಿ ಸತ್ತವರಿಗೆ ಅಂತ ಹೇಳಿ ದ್ರಾಕ್ಷಾರಸ ಸುರಿಯುತ್ತಾನೆ. ಆ ಬಯಲಲ್ಲಿ ಒಂದು ದಿಬ್ಬ ಇದ್ದರೆ ನಿಮ್ಮ ಊರೂ ಆ ಲೆಕ್ಕದಲ್ಲಿದೆ.

ಆ ಗೋರಿಗಳನ್ನು ವಾದಕ್ಕೂ ಬಳಸಿದರು. ಮುಂದೆ ಸ್ಪಾರ್ಟಾ ಮತ್ತು ಅಥೆನ್ಸ್ ನಡುವೆಯೇ ಯುದ್ಧ ಹತ್ತಿಕೊಂಡಾಗ, ಕ್ರಿ.ಪೂ. 427ರಲ್ಲಿ ಪ್ಲಟೀಯ ಸ್ಪಾರ್ಟಾಕ್ಕೆ ಶರಣಾಯಿತು. ಜೀವ ಉಳಿಸಿಕೊಳ್ಳಲು ಪ್ಲಟೀಯದವರು ಆಡಿದ ಮಾತನ್ನು ಥುಸಿಡಿಡೀಸ್ ಬರೆದಿದ್ದಾನೆ. ನಿಮ್ಮ ತಂದೆಯರ ಗೋರಿಗಳ ಕಡೆ ನೋಡಿ, ನಾವು ಪ್ರತಿ ವರ್ಷ ಅವಕ್ಕೆ ನಡೆದುಕೊಂಡಿದ್ದೇವೆ, ನಮ್ಮನ್ನು ಕೊಂದು ಈ ನೆಲವನ್ನು ಥೀಬ್ಸ್‌ಗೆ ಕೊಟ್ಟರೆ ನಿಮ್ಮವರನ್ನು ಕೊಂದವರ ನಡುವೆಯೇ ಅವರನ್ನು ಬಿಟ್ಟಂತೆ ಅಲ್ಲವೇ? ಸ್ಪಾರ್ಟಾದವರು ಕೇಳಲಿಲ್ಲ. 200ಕ್ಕೆ ಕಡಿಮೆಯಿಲ್ಲದಷ್ಟು ಪ್ಲಟೀಯದವರನ್ನು, ಜೊತೆಗೆ 25 ಜನ ಅಥೆನ್ಸಿನವರನ್ನು ಕೊಂದರು. ಅಂದರೆ ತುಂಬಿದ ಗೋರಿಯೂ ಬೇಕಾದಾಗ ಕೆಲಸಕ್ಕೆ ಬರಲಿಲ್ಲ.

ಥುಸಿಡಿಡೀಸ್‌ಗೂ ಒಂದು ಅನುಮಾನದ ಗೋರಿ ಎದುರಾಗಿತ್ತು. ಸಲಾಮಿಸ್‌ನ ವೀರ ಥೆಮಿಸ್ಟೊಕ್ಲೀಸ್ ಕೊನೆಗೆ ದೇಶಭ್ರಷ್ಟನಾಗಿ ಪರ್ಷಿಯಾದ ಆಶ್ರಯದಲ್ಲಿ ಸತ್ತ. ಏಷ್ಯಾದ ಮ್ಯಾಗ್ನೀಷಿಯಾ ಊರಿನ ಸಂತೆ ಚೌಕದಲ್ಲಿ ಅವನ ಸ್ಮಾರಕ ಇದೆ ಅನ್ನುತ್ತಾನೆ ಥುಸಿಡಿಡೀಸ್. ಆದರೆ ಅವನ ನೆಂಟರು, ಅಸ್ಥಿಯನ್ನು ಗುಟ್ಟಾಗಿ ತಾಯ್ನಾಡಿಗೆ ತಂದು ಹೂತಿದ್ದೇವೆ ಅನ್ನುತ್ತಾರಂತೆ. ದೇಶದ್ರೋಹಿಯನ್ನು ಅಲ್ಲಿ ಹೂಳುವುದು ಕಾನೂನಿಗೆ ವಿರುದ್ಧ. ಇದನ್ನೂ ಅವನೇ ಸೇರಿಸುತ್ತಾನೆ. ಹಾಗಾದರೆ ಮ್ಯಾಗ್ನೀಷಿಯಾದ್ದು ಖಾಲಿಯೋ ತುಂಬಿದ್ದೋ? ಅವನು ತೀರ್ಪು ಕೊಡುವುದಿಲ್ಲ. ಕಂಡದ್ದು ಒಂದು ಕಡೆ, ಕೇಳಿದ್ದು ಇನ್ನೊಂದು ಕಡೆ ಇಟ್ಟು ಮುಂದೆ ಹೋಗುತ್ತಾನೆ. ಇಲ್ಲಿ ಅವನು ಹೆರೊಡೋಟಸ್‌ಗಿಂತ ಹುಷಾರು.

ಇವತ್ತಿನವರಾದರೆ ಅಗೆದು ನೋಡೋಣ ಅನ್ನುತ್ತಾರೆ. ಅದೂ ಎಲ್ಲ ಸಲ ನೇರ ಉತ್ತರ ಕೊಡುವುದಿಲ್ಲ. ಕ್ರಿ.ಪೂ. 490ರಲ್ಲಿ ಅಥೆನ್ಸಿನವರು ಪರ್ಷಿಯಾವನ್ನು ಸೋಲಿಸಿದ ಮ್ಯಾರಥಾನ್‌ನ ದೊಡ್ಡ ದಿಬ್ಬವನ್ನು 1884ರಲ್ಲಿ ಅಗೆಸಿದ ಜರ್ಮನ್ ಪುರಾತತ್ವಜ್ಞ ಶ್ಲೀಮನ್‌ಗೆ ಹೂತವರ ಗುರುತು ಸಿಗಲಿಲ್ಲ. ಇದು ಯುದ್ಧದ ಗೋರಿಯೇ ಅಲ್ಲ, ಅದಕ್ಕಿಂತ ಬಹಳ ಹಳೆಯದು ಅಂದುಬಿಟ್ಟ. 1890ರಲ್ಲಿ ವಲೇರಿಯೋಸ್ ಸ್ಟೈಸ್ ಇನ್ನೂ ಆಳಕ್ಕೆ ಹೋದ. ಬೂದಿಯ ಪದರ, ಸುಟ್ಟ ಮೂಳೆ, ಎಣ್ಣೆಯ ಚಿಕ್ಕ ಹೂಜಿಗಳು ಸಿಕ್ಕವು. ಮ್ಯಾರಥಾನ್‌ನಲ್ಲಿ ಸತ್ತ ಅಥೆನ್ಸಿನವರು 192 ಅಂತ ಹೆರೊಡೋಟಸ್ ಹೇಳಿದ್ದಾನೆ, ಅವರ ದಿಬ್ಬ ಅದೇ ಅಂತ ಸಾಮಾನ್ಯವಾಗಿ ಒಪ್ಪಿಕೊಂಡಿದ್ದಾರೆ. ಖಾಲಿ ಅಂದುಕೊಂಡದ್ದು ಗುದ್ದಲಿ ಸಾಲದ್ದಕ್ಕೆ ಖಾಲಿಯಾಗಿತ್ತು.

ಸೈಪ್ರಸ್ ದ್ವೀಪದ ಸಲಾಮಿಸ್ ಹತ್ತಿರ (ಸಮುದ್ರ ಯುದ್ಧ ನಡೆದ ಸಲಾಮಿಸ್ ಅಲ್ಲ, ಅದೇ ಹೆಸರಿನ ಇನ್ನೊಂದು ಊರು) ಉಲ್ಟಾ ಆಯಿತು. 1960ರ ದಶಕದಲ್ಲಿ ವಾಸೋಸ್ ಕರಾಗಿಯೋರ್ಗಿಸ್ ಅಲ್ಲಿಯ ಒಂದು ದಿಬ್ಬ ಅಗೆದರು. ಒಳಗೆ ಚಿತೆ ಉರಿದ ಜಾಗ, ಚಿನ್ನದ ಮಾಲೆಯ ಚೂರುಗಳು, ಬೆಂಕಿಗೆ ಗಟ್ಟಿಯಾದ ಮಣ್ಣಿನ ಮುಖಗಳು ಸಿಕ್ಕವು. ಹೆಣ ಮಾತ್ರ ಇಲ್ಲ. ಸತ್ತವರ ಬದಲು ಅವರ ಮಣ್ಣಿನ ಮೂರ್ತಿ ನಿಲ್ಲಿಸಿ ಸುಟ್ಟಿದ್ದರು. ಸ್ಪಾರ್ಟಾದ ರಾಜ ಯುದ್ಧದಲ್ಲಿ ಸತ್ತರೆ ಅವನ ಬೊಂಬೆ ಮಾಡಿ ಚಟ್ಟದ ಮೇಲೆ ಹೊರುತ್ತಾರೆ ಅಂತ ಹೆರೊಡೋಟಸ್ ಹೇಳಿದ ಪದ್ಧತಿಯ ನೆನಪಾಗುತ್ತದೆ. ಶತ್ರುಗಳ ಕೈಗೆ ಸಿಗಬಾರದು ಅಂತ ಒಂದು ರಾಜಮನೆತನ ಕ್ರಿ.ಪೂ. 310ರ ಸುಮಾರಿಗೆ ಅರಮನೆಗೆ ಬೆಂಕಿ ಹಚ್ಚಿಕೊಂಡು ಸತ್ತ ಕಥೆ ಡಯೊಡೋರಸ್‌ನಲ್ಲಿದೆ. ಅವನು ಅದನ್ನು ಪಾಫೋಸ್‌ನ ರಾಜ ನಿಕೊಕ್ಲೀಸ್‌ನ ಮನೆಯ ಕಥೆಯಾಗಿ ಹೇಳುತ್ತಾನೆ. ಅದು ಸಲಾಮಿಸ್‌ನ ನಿಕೊಕ್ರಿಯೋನ್‌ನ ಮನೆಯದು, ಡಯೊಡೋರಸ್ ಹೆಸರು ಅದಲುಬದಲು ಮಾಡಿದ್ದಾನೆ ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಆ ವಾದಕ್ಕೆ ದೊಡ್ಡ ಆಸರೆ ಈ ಖಾಲಿ ಗೋರಿ. ಪುಸ್ತಕವನ್ನು ತಿದ್ದಲು ಇಲ್ಲಿ ಗೋರಿ ಸಹಾಯಕ್ಕೆ ಬಂತು.

ಪ್ಲಟೀಯದ ದಿಬ್ಬಗಳಿಗೆ ಆ ಭಾಗ್ಯ ಇಲ್ಲ. ಯಾವ ದಿಬ್ಬ ಯಾರದು ಅಂತ ಖಚಿತವಾಗಿ ಹೇಳುವಂಥ ಗುರುತು ಉಳಿದಿಲ್ಲ. ಹಾಗಾಗಿ ಹೆರೊಡೋಟಸ್‌ನ ಸಾಲುಗಳನ್ನೇ ಬಿಡಿಸಿ ನೋಡಬೇಕು. ನನಗೆ ಅನ್ನಿಸುವುದು ಹೀಗೆ. ಏಜಿನಾದವರ ಗೋರಿ ಖಾಲಿ ಇತ್ತು, 10 ವರ್ಷ ತಡವಾಗಿ ಎದ್ದಿತು ಅನ್ನೋದು ನಿಜವೇ ಇರಬೇಕು. ಕಟ್ಟಿಸಿದವನ ಹೆಸರು, ಅವನ ಅಪ್ಪ ಆಟೊಡಿಕಸ್‌ನ ಹೆಸರು ಎಲ್ಲ ಇದೆ. ಇಷ್ಟು ಖಚಿತ ವಿವರ ಊರಿನಲ್ಲಿ ವಿಚಾರಿಸಿಯೇ ಸಿಕ್ಕಿದ್ದು. ಕ್ಲಿಯಾಡೀಸ್ ಏಜಿನಾದವರ ಪ್ರಾಕ್ಸೆನೋಸ್ ಆಗಿದ್ದ, ಮೆನೆಕ್ರಟೀಸ್ ಇದ್ದ ಹಾಗೆ. ಆ ಊರಿನವರ ಕೆಲಸ ಮಾಡಿಕೊಡುವುದೇ ಅವನ ಹುದ್ದೆ. ನಮ್ಮ 500 ಜನ ಬಂದು ನಿಂತಿದ್ದರು, ವರ್ಷದ ಕ್ರಿಯೆಯಲ್ಲಿ ನಮ್ಮ ಹೆಸರೂ ಬರಲಿ ಅಂತ ಅವರು ಕೇಳಿರಬಹುದು, ಇವನು ಮಾಡಿಸಿರಬಹುದು. ಅದರಲ್ಲಿ ಗುಟ್ಟು ಏನೂ ಕಾಣುವುದಿಲ್ಲ. ಗುಟ್ಟಾಗಿ ಮೋಸ ಮಾಡುವವರು ಯಾರಾದರೂ ಊರಿಗೆಲ್ಲ ಗೊತ್ತಿರುವ ಮನುಷ್ಯನ ಕೈಲಿ ಬಯಲಿನ ನಡುವೆ ದಿಬ್ಬ ಹಾಕಿಸುತ್ತಾರಾ? ನಾಚಿಕೆಗೆ ಕಟ್ಟಿದ್ದು, ಮುಂದಿನವರ ಕಣ್ಣಿಗೆ ಮಣ್ಣೆರಚಲು ಕಟ್ಟಿದ್ದು ಅನ್ನೋ ಭಾಗ ಮಾತ್ರ ಯಾರೋ ಹೇಳಿದ್ದು. ಕೇಳಿದ್ದೇನೆ ಅನ್ನೋ ಮಾತನ್ನು ಹೆರೊಡೋಟಸ್ ಎರಡು ಸಲ ಬಳಸಿರುವುದು ಸುಮ್ಮನೆ ಅಲ್ಲ. ಓದುಗನಿಗೆ ಅವನು ಕೊಟ್ಟ ಎಚ್ಚರಿಕೆ ಅದು. ಪ್ಲುಟಾರ್ಕ್ ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಲು ಇಷ್ಟಪಡಲಿಲ್ಲ.

ಇದಕ್ಕೆ ಏಜಿನಾದವರು ಏನು ಉತ್ತರ ಕೊಡುತ್ತಿದ್ದರು? ಕ್ರಿ.ಪೂ. 431ರಲ್ಲಿ ಅಥೆನ್ಸ್ ಅವರನ್ನು ಹೆಂಗಸರು ಮಕ್ಕಳ ಸಮೇತ ದ್ವೀಪದಿಂದ ಹೊರಗೆ ಹಾಕಿತು. ಸ್ಪಾರ್ಟಾ ಕೊಟ್ಟ ಥೈರಿಯಾ ಸೀಮೆಯಲ್ಲಿ ಅವರಲ್ಲಿ ಒಂದಷ್ಟು ಜನ ನೆಲೆಸಿದರು. 424ರಲ್ಲಿ ಅಥೆನ್ಸ್ ಅಲ್ಲಿಗೂ ಬಂದು, ಸೆರೆ ಸಿಕ್ಕವರನ್ನು ಕೊಂದಿತು. ದ್ವೀಪದಿಂದ ಅವರನ್ನು ಓಡಿಸಿದ ಸುದ್ದಿ ಹೆರೊಡೋಟಸ್‌ನ ಪುಸ್ತಕದಲ್ಲೇ ಇದೆ. ಅಂದರೆ ಪುಸ್ತಕ ಮುಗಿಯುವ ಹೊತ್ತಿಗೆ, ಆ ಗೋರಿ ಹೀಗಲ್ಲ ಹಾಗೆ ಅಂತ ಹೇಳಲು ಏಜಿನಾದಲ್ಲಿ ಏಜಿನಾದವರೇ ಇರಲಿಲ್ಲ.